ಹಲಗಿ ಕಾಸುವ ಅಂಗಳ

ಬೆಂಕಿ ಕಾಣದ ಹಲಗಿ ಮಾತಾಡುವುದಿಲ್ಲ. ಗೋಡೆಯ ಮೊಳೆಗೆ ತೂಗುಬಿದ್ದಾಗ ಅದು ಬರೀ ಒಂದು ಬಳೆ, ಬಳೆಯ ಮೇಲೆ ಬಿಗಿದ ಒಂದು ಚರ್ಮ. ತೊಗರಿ ಕಟ್ಟಿಗೆಯ ಉರಿ ಮಾಡಿ, ಅದರ ಮುಂದೆ ಹಿಡಿದು, ನಿಧಾನಕ್ಕೆ ತಿರುಗಿಸಿ, ಅಂಗೈಯಿಂದ ಸವರಿ, ಮತ್ತೆ ಉರಿಗೆ ಹಿಡಿಯುತ್ತಾ ಹೋದರೆ ಯಾವುದೋ ಒಂದು ಗಳಿಗೆಯಲ್ಲಿ ಅದು ಕಣ್ಣು ಬಿಡುತ್ತದೆ. ಮೊದಲು ಬಡಿದರೆ ಒದ್ದೆ ಅರಿವೆ ಒಗೆದ ಸದ್ದು. ಆಮೇಲೆ ಮಾಗಿದ ಕುಂಬಳಕಾಯಿ ತಟ್ಟಿದ ಸದ್ದು. ಅದರ ನಂತರ ಬರುವ ಸದ್ದಿಗೆ ನನ್ನ ಹತ್ತಿರ ಹೋಲಿಕೆ ಇಲ್ಲ. ಎದೆಯ ಎಲುಬಿಗೆ ತಾಗುತ್ತದೆ ಎಂದಷ್ಟೇ ಹೇಳಬಲ್ಲೆ. ಆ ಗಳಿಗೆ ಬಂತು ಎಂಬುದು ಕಿವಿಗಿಂತ ಮೊದಲು ನನ್ನ ಬೆರಳಿಗೆ ಗೊತ್ತಾಗುತ್ತದೆ.

ನಮ್ಮ ಓಣಿ ಶಹಾಪುರದ ಗುಡ್ಡದ ಕಡೆ. ಒಂದು ನಿಟ್ಟಿನಿಂದ ನೋಡಿದರೆ ಆ ಗುಡ್ಡದ ಬಂಡೆಗಳು ಬುದ್ಧ ಮಲಗಿದ ಹಾಗೆ ಕಾಣುತ್ತವೆ. ಹಣೆ, ಮೂಗು, ತುಟಿ, ಎದೆ. ಭತ್ತದ ಗದ್ದೆಗೆ ಕಾಲುವೆ ನೀರು ಬಿಟ್ಟ ದಿನಗಳಲ್ಲಿ ಬೆಳಗಿನ ಮಂಜು ಎದ್ದು ಅವನ ಕೊರಳತನಕ ಹೊದಿಕೆಯಾಗುತ್ತದೆ. ಆ ಹೊತ್ತಿನಲ್ಲಿ ನಾನು ಅಂಗಳದಲ್ಲಿ ಉರಿ ಮಾಡಿ ಹಲಗಿ ಕಾಸಿ ಒಂದೇ ಒಂದು ಏಟು ಹಾಕುತ್ತೇನೆ. ಸದ್ದು ಗದ್ದೆಯ ಮೇಲೆ ಹಾಯ್ದು ಗುಡ್ಡ ಮುಟ್ಟಿ ತಿರುಗಿ ಬರುತ್ತದೆ. ಹೋದಷ್ಟು ಬೇಗ ಬರುವುದಿಲ್ಲ. ಮಲಗಿದವನು ಅದನ್ನು ಕೇಳಿಸಿಕೊಂಡು, ಸ್ವಲ್ಪ ಯೋಚನೆ ಮಾಡಿ, ಆಮೇಲೆ ವಾಪಸು ಕಳಿಸಿದ ಹಾಗೆ ಬರುತ್ತದೆ. ಒಳಗಿನಿಂದ ಹೆಂಡತಿ ಕೇಳುತ್ತಾಳೆ, ಇವತ್ತು ಏನಂದ ಅಂತ. ಇನ್ನೂ ನಿದ್ದಿಗಣ್ಣಿನಲ್ಲಿದ್ದಾನೆ ಎನ್ನುತ್ತೇನೆ. ಎಷ್ಟೋ ವರ್ಷದಿಂದ ಇದೇ ಮಾತು, ಇದೇ ಉತ್ತರ.

ನಾನು ಐದನೇ ಕ್ಲಾಸಿಗೆ ಸಾಲಿ ಬಿಟ್ಟವನು. ಅಪ್ಪನ ಬೆನ್ನು ಕೈಕೊಟ್ಟಿತು, ನಾನು ಫರ್ಸಿ ಕಲ್ಲು ಕೂಡಿಸುವವರ ಜೊತೆ ಕೆಲಸಕ್ಕೆ ಹೋದೆ. ಇವತ್ತಿಗೂ ಅದೇ ಕೆಲಸ. ಯಾದಗಿರಿ, ಸುರಪುರ, ವಡಗೇರಾ ಎಂದು ಎಷ್ಟು ಮನೆಗಳ, ಆಫೀಸುಗಳ ನೆಲ ಕೂಡಿಸಿದ್ದೇನೆ ಎಂಬುದನ್ನು ನಾನೇ ಮರೆತಿದ್ದೇನೆ. ನಾನು ಕೂಡಿಸಿದ ನೆಲದ ಮೇಲೆ ಒಂದು ತಂಬಿಗೆ ನೀರು ಚೆಲ್ಲಿ ನೋಡಬೇಕು. ಎಲ್ಲಿಗೆ ಹೋಗು ಎಂದು ಹೇಳಿರುತ್ತೇನೋ ಅಲ್ಲಿಗೇ ಹೋಗುತ್ತದೆ, ಮೂಲೆಯಲ್ಲಿ ನಿಲ್ಲುವುದಿಲ್ಲ. ಕೂಡಿಸಿದ ಪ್ರತಿ ಕಲ್ಲನ್ನೂ ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತೇನೆ. ಕೆಳಗೆ ಪೊಳ್ಳಿದ್ದರೆ ಕಲ್ಲು ಹೇಳುತ್ತದೆ. ಚರ್ಮ ಕೇಳುವ ಕಿವಿಯೇ ಕಲ್ಲನ್ನೂ ಕೇಳುತ್ತದೆ.

ಹಲಗಿ ಅಪ್ಪನದು. ಅವನ ಕಾಲದಲ್ಲಿ ಊರವರು ಒದರಿದ ಕೂಡಲೆ ಅದನ್ನು ಹೆಗಲಿಗೆ ಹಾಕಿಕೊಂಡು ಹೋಗಬೇಕಿತ್ತು. ಸತ್ತವರ ಮನೆ ಮುಂದೆ, ಮದುವೆ ಮನೆ ಮುಂದೆ, ಚಾವಡಿ ಮುಂದೆ. ಯಾವಾಗಲೂ ಮುಂದೆ, ಬಿಸಿಲಿನಲ್ಲಿ, ಹೊರಗೆ. ಒಂದು ದಿನ ಬಂದವನೇ ಹಲಗಿಯನ್ನು ಮೊಳೆಗೆ ಹಾಕಿದ, ಮತ್ತೆ ಇಳಿಸಲಿಲ್ಲ. ಯಾಕೆ ಎಂದು ನಾವು ಕೇಳಲಿಲ್ಲ. ವರ್ಷಗಳ ಮೇಲೆ ನಾನು ಅದನ್ನು ಇಳಿಸಿ ಧೂಳು ಒರೆಸುವಾಗ ಅವನು ಕಟ್ಟೆಯ ಮೇಲೆ ಕೂತಿದ್ದ. ಬೇಡ ಅನ್ನಲಿಲ್ಲ.

"ಕರದ್ರ ಹೋಗು," ಅಂದ. "ಒದರಿದ್ರ ಹೋಗಬ್ಯಾಡ."

ನಮ್ಮ ಓಣಿಯ ಓದಿದ ಹುಡುಗರಲ್ಲಿ ಕೆಲವರು ಹಲಗಿಯನ್ನು ಸುಟ್ಟೇಬಿಡಬೇಕು ಅನ್ನುತ್ತಾರೆ. ಅದು ಆಳುತನದ ಗುರುತು ಅನ್ನುತ್ತಾರೆ. ಅವರು ಹೇಳುವುದು ಸುಳ್ಳು ಎಂದು ನಾನು ವಾದ ಮಾಡಲಾರೆ. ಬಿಸಿಲಿನಲ್ಲಿ ನಿಂತ ಅಪ್ಪನನ್ನು ನಾನು ನೋಡಿದ್ದೇನೆ. ಆದರೆ ತಪ್ಪು ಚರ್ಮದ್ದಲ್ಲ, ನಿಲ್ಲಿಸಿದ ಜಾಗದ್ದು ಎಂದು ನನಗೆ ಅನ್ನಿಸುತ್ತಿತ್ತು. ಅನ್ನಿಸುತ್ತಿತ್ತು ಅಷ್ಟೆ. ಜಾಗ ಬದಲಿ ಮಾಡುವುದು ಹೇಗೆ ಎಂದು ಗೊತ್ತಿರಲಿಲ್ಲ.

ಯಾದಗಿರಿಯಲ್ಲಿ ಕಾರ್ಯಕ್ರಮಗಳು ನಡೆಯುವ ಒಂದು ಹಳೆಯ ಸಭಾಂಗಣವಿದೆ. ಅದರ ನೆಲ ದುರಸ್ತಿಗೆ ಬಂದಾಗ ಹೊಸ ಕಲ್ಲು ಕೂಡಿಸಿದವನು ನಾನು. ರಂಗದ ಹಿಂದಿನ ಬಣ್ಣದ ಕೋಣೆಯ ನೆಲವೂ ನನ್ನದೇ ಕೈಯದು. ಅದೇ ಸಭಾಂಗಣಕ್ಕೆ ನಮ್ಮ ಹಲಗಿ ಮೇಳವನ್ನು ಕರೆಯುತ್ತಿದ್ದರು. ಕರೆಯುತ್ತಿದ್ದರು, ಒದರುತ್ತಿರಲಿಲ್ಲ, ಅದಕ್ಕೇ ಹೋಗುತ್ತಿದ್ದೆವು. ಎಂಟು ಮಂದಿ ಗೇಟಿನ ಹತ್ತಿರ ನಿಂತು ಬಾರಿಸುವುದು, ದೊಡ್ಡವರು ಕಾರಿನಿಂದ ಇಳಿದು ನಮ್ಮ ನಡುವೆ ಹಾದು ಒಳಗೆ ಹೋಗುವುದು, ಬಾಗಿಲು ಮುಚ್ಚುವುದು. ಆಮೇಲೆ ಒಬ್ಬರು ಬಂದು ಕೈಸನ್ನೆ ಮಾಡಿ ಸಾಕು ಅನ್ನುತ್ತಿದ್ದರು. ಒಳಗೆ ಬೇರೆ ಹಾಡು, ಬೇರೆ ಕುಣಿತ ಶುರುವಾಗುತ್ತಿತ್ತು. ನಾವು ಹಲಗಿಯ ಬಿಸಿ ಆರುವ ತನಕ ಬೇವಿನ ಗಿಡದ ಕೆಳಗೆ ಕೂತು ಶಹಾಪುರದ ಬಸ್ಸಿಗೆ ಹೋಗುತ್ತಿದ್ದೆವು.

ಒಮ್ಮೆ ಮಾತ್ರ ನಮ್ಮನ್ನು ರಂಗದ ಮೇಲೆ ಕರೆದರು. ನಾವು ಗೇಟಿನಲ್ಲಿ ಕಾಸಿಕೊಂಡು ಒಳಗೆ ಹೋಗಿ ಕೂತೆವು. ಒಳಗೆ ತಂಪು ಗಾಳಿಯ ಯಂತ್ರ. ನಮಗಿಂತ ಮುಂಚಿನ ಭಾಷಣ ಮುಗಿಯಲೊಲ್ಲದು. ತೊಡೆಯ ಮೇಲೆ ಇಟ್ಟುಕೊಂಡ ಹಲಗಿ ಮಗುವಿನ ಹಾಗೆ ಮಲಗುತ್ತಿರುವುದು ನನಗೆ ತಿಳಿಯುತ್ತಿತ್ತು. ನಮ್ಮ ಪಾಳಿ ಬಂದು ಎದ್ದು ಬಡಿದಾಗ ಎಂಟು ಮಂದಿ ಎಂಟು ಒದ್ದೆ ಅರಿವೆ ಒಗೆದ ಹಾಗಾಯಿತು. ಜನ ಚಪ್ಪಾಳೆ ತಟ್ಟಿದರು. ಪಾಪ ಎನ್ನುವ ಚಪ್ಪಾಳೆ ಯಾವುದು, ಭೇಷ್ ಎನ್ನುವ ಚಪ್ಪಾಳೆ ಯಾವುದು ಎಂಬುದು ಬಾರಿಸುವವನಿಗೆ ಗೊತ್ತಾಗದೆ ಇರುತ್ತದೆಯೇ. ನಾನು ಕೂಡಿಸಿದ ಕಲ್ಲುಗಳನ್ನೇ ನೋಡುತ್ತಾ ಕೆಳಗಿಳಿದೆ.

ಅದನ್ನು ನೋಡಿದ ಯಾರೋ ಒಳ್ಳೆಯ ಮನಸ್ಸಿನವರು ನಮಗೊಂದು ಉಪಕಾರ ಮಾಡಿದರು. ಮುಂದಿನ ಚಳಿಗಾಲದಲ್ಲಿ ಶಹಾಪುರದ ಒಂದು ಮೈದಾನದಲ್ಲಿ ಕಲಾವಿದರ ಮೇಳ ಇಟ್ಟು, ಎಂಟು ಹೊಸ ಹಲಗಿ ಕೊಟ್ಟರು. ಚರ್ಮದ ಬದಲಿಗೆ ಹಾಲಿನಂತೆ ಬಿಳಿಯಾದ ಪ್ಲಾಸ್ಟಿಕ್ ಹಾಳೆ. ಸುತ್ತಲೂ ತಿರುಪು. ಇದಕ್ಕೆ ಬೆಂಕಿ ಬೇಡ, ಮಳೆಗಾಲದಲ್ಲೂ ಇದೇ ಸದ್ದು ಎಂದು ವಿವರಿಸಿ ಹೇಳಿದರು. ನಾನು ಎಲ್ಲವನ್ನೂ ಕೇಳಿಸಿಕೊಂಡೆ. ತಲೆಯನ್ನೂ ಆಡಿಸಿದೆ. ಈಗ ಬಾರಿಸಿ ತೋರಿಸಿ ಎಂದರು.

ಆಗ ಏನಾಯಿತು ಎಂದು ಇವತ್ತಿಗೂ ಪೂರಾ ಹೇಳಲಾರೆ. ಬಾರಿಸುವುದು ಎಂದ ಕೂಡಲೆ ಕಾಲು ತಾನೇ ನಡೆಯಿತು. ಮೈದಾನದ ಅಂಚಿಗೆ ಚಹಾದವನ ಒಲೆ ಉರಿಯುತ್ತಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಅರೆ ಮುಚ್ಚಿ, ಹೊಸ ಹಲಗಿಯನ್ನು ಉರಿಗೆ ಹಿಡಿದು ತಿರುಗಿಸಿದೆ. ಅಂಗೈಯಿಂದ ಸವರಲು ಹೋದೆ. ಅಂಗೈ ಅಂಟಿಕೊಂಡಿತು. ಕಣ್ಣು ಬಿಟ್ಟರೆ ಬಿಳಿ ಹಾಳೆ ಮುದುಡಿ, ಗುಳ್ಳೆ ಎದ್ದು, ನಡುವೆ ಒಂದು ತೂತು ಅಗಲವಾಗುತ್ತಾ ಹೋಗುತ್ತಿತ್ತು. ಆ ತೂತಿನೊಳಗಿಂದ ಚಹಾದವನ ಮುಖ ಕಾಣಿಸಿತು.

ನನ್ನ ಹೆಂಡತಿಯ ತಮ್ಮ ನಮ್ಮ ಹಲಗಿ ಮೇಳದಲ್ಲಿ ನನ್ನ ಪಕ್ಕದಲ್ಲೇ ಬಾರಿಸುವವನು. ಬಾಯಿ ಬಹಳ. ಓಡಿಬಂದು ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದ:

"ಮಾಂವ, ಹಪ್ಪಳ ಛಲೋ ಸುಟ್ಟಿ ನೋಡು."

ಮೈದಾನವೇ ನಕ್ಕಿತು. ಕೊಟ್ಟವರೂ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಕೆಲಸದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ. ಅಂಗೈ ಉರಿಯುತ್ತಿತ್ತು, ಅದಕ್ಕಿಂತ ಹೆಚ್ಚು ಮುಖ ಉರಿಯುತ್ತಿತ್ತು.

ನಗದೆ ಇದ್ದವಳು ಒಬ್ಬಳು. ಪಕ್ಕದಲ್ಲೇ ಬಟ್ಟೆ ಹಾಸಿ ತನ್ನ ಚಿತ್ರಗಳನ್ನು ಇಟ್ಟುಕೊಂಡು ಕೂತಿದ್ದ ಸುರಪುರದ ಹೆಣ್ಣುಮಗಳು. ವಯಸ್ಸು ಮೂವತ್ತರ ಮೇಲೆ. ಬೇಡರ ಮನೆತನ. ಸುರಪುರದಲ್ಲಿ ಸಂಸ್ಥಾನದ ಕಾಲದಿಂದ ಬಂದ ಸಣ್ಣ ಸಣ್ಣ ಗೆರೆಯ ಚಿತ್ರಗಳಿವೆಯಲ್ಲ, ಅವನ್ನು ಬರೆಯುವ ಒಂದು ಮನೆಯಲ್ಲಿ ಅವಳ ಅಜ್ಜಿ ಬಣ್ಣದ ಕಲ್ಲು ಅರೆಯುತ್ತಿದ್ದಳಂತೆ. ಜೀವಮಾನ ಇಡೀ ಅರೆದಳು, ಒಂದು ಗೆರೆ ಎಳೆಯಲಿಲ್ಲ. ಮೊಮ್ಮಗಳು ಕುಂಚ ಹಿಡಿದಳು. ಅವಳು ಎದ್ದು ಬಂದು ನನ್ನ ಅಂಗೈಗೆ ತಣ್ಣೀರು ಹಾಕಿದಳು. ಆಮೇಲೆ ನಗುವವರ ಕಡೆ ತಿರುಗಿದಳು.

"ಅವರ ಕೈಗೆ ಗೊತ್ತಿದ್ದದ್ದು ಮಾಡ್ಯಾರ್ರಿ. ಪ್ಲಾಸ್ಟಿಕ್ಕಿಗೆ ಗೊತ್ತಿಲ್ಲ ಅಷ್ಟ."

ಮತ್ತೆ ನನ್ನ ಕಡೆ ನೋಡಿ, ನಿಮ್ಮ ಸ್ವಂತದ ಹಲಗಿ ತಂದಿದ್ದೀರೇನು ಕಾಕಾ, ಅದನ್ನು ಕಾಸಿ ಬಾರಿಸಿ ಎಂದಳು. ಅಪ್ಪನ ಹಲಗಿ ಚೀಲದಲ್ಲಿತ್ತು. ಅದೇ ಒಲೆಯ ಮುಂದೆ ಕಾಸಿದೆ. ಅಂಗೈ ಸುಟ್ಟಿದ್ದರಿಂದ ಮುಂಗೈಯಿಂದ ಸವರಿದೆ. ಎದ್ದು ನಿಂತು ಬಾರಿಸಿದಾಗ ಎಷ್ಟು ಹೊತ್ತು ಬಾರಿಸಿದೆನೋ ತಿಳಿಯಲಿಲ್ಲ. ಗುಡ್ಡ ಹತ್ತಿರವೇ ಇತ್ತು. ನಾನು ಹಾಕಿದ ಏಟು, ಗುಡ್ಡ ಕಳಿಸಿದ ಏಟು ಎರಡೂ ಕೂಡಿ ಇಬ್ಬರು ಬಾರಿಸಿದ ಹಾಗಾಗಿ, ಆ ಇನ್ನೊಬ್ಬನ ಜೊತೆ ನಾನು ಎಲ್ಲೋ ನಡೆದು ಹೋದ ಹಾಗಿತ್ತು. ನಿಲ್ಲಿಸಿದಾಗ ಯಾರೂ ನಗುತ್ತಿರಲಿಲ್ಲ.

ಅಲ್ಲಿಗೆ ಬಂದಿದ್ದ ಒಬ್ಬ ಅಧಿಕಾರಿ, ಜಿಲ್ಲೆಯ ಕಲೆಯ ಕೆಲಸ ನೋಡುವವರು, ನನ್ನ ಫೋನ್ ನಂಬರು ಬರೆದುಕೊಂಡರು. ಯಾದಗಿರಿಯಲ್ಲಿ ಹೊಸದೊಂದು ರಂಗಮಂದಿರ ಕಟ್ಟುವುದಿತ್ತು. ಅದು ಹೇಗಿರಬೇಕು ಎಂದು ಹೇಳಲು ಒಂದು ಸಮಿತಿ. ಈ ಸಲ ರಂಗದ ಮೇಲೆ ನಿಲ್ಲುವವರೂ ಅದರಲ್ಲಿ ಕೂಡಬೇಕು ಎಂದು ಅವರು ಹಟ ಹಿಡಿದಿದ್ದರು. ಸುರಪುರದ ಚಿತ್ರದವಳನ್ನು ಕರೆದರು, ನನ್ನನ್ನೂ ಕರೆದರು. ನಮ್ಮ ಓಣಿಯಿಂದ ಇಂಥ ಸಮಿತಿಯಲ್ಲಿ ಕೂತವರು ಅದಕ್ಕೂ ಮುಂಚೆ ಯಾರೂ ಇಲ್ಲ.

ಮೊದಲ ಸಭೆ ಆ ಹಳೆಯ ಸಭಾಂಗಣದಲ್ಲೇ. ಗೇಟಿನಲ್ಲಿ ಕಾಲು ನಿಂತುಬಿಟ್ಟಿತು. ಇಷ್ಟು ವರ್ಷ ನಿಂತ ಜಾಗ ಅದು. ಒಳಗೆ ಹೋಗಿ ಕೂತ ಮೇಲೆ ನಕ್ಷೆ ಹಾಸಿದರು. ನನಗೆ ಇಂಗ್ಲಿಷ್ ಬಾರದು, ನಕ್ಷೆ ಬರುತ್ತದೆ. ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಇಳಿಜಾರು ಎತ್ತ ಎಂದು ಒಂದು ನೋಟಕ್ಕೆ ಹೇಳಬಲ್ಲೆ. ಬೆರಳಿನಿಂದ ಎಲ್ಲ ಕೋಣೆಯ ಒಳಗೂ ಹೊಕ್ಕು ಬಂದೆ. ಆಮೇಲೆ ಕೇಳಿದೆ, ಹಲಗಿ ಕಾಸುವುದು ಎಲ್ಲಿ ಅಂತ.

ಇಂಜಿನಿಯರ್ ಮೈಸೂರು ಕಡೆಯ ಹುಡುಗ, ಮೆತ್ತಗಿನ ಮಾತಿನವನು. ನನ್ನನ್ನು ಅವನು ಕರೆದ ರೀತಿಗೆ ನಾನು ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡಿದ್ದೆ.

"ಒಳಗೆ ಬೆಂಕಿ ಆಗಲ್ಲ ಸರ್. ಹೊಗೆ ಕಂಡರೆ ಸಾಕು, ಮೇಲಿಂದ ನೀರು ಸುರಿಯುತ್ತೆ."

ಹಾಗಾದರೆ ನಮ್ಮ ಹಲಗಿ ಒಳಗೆ ಸಾಯುತ್ತದೆ ಎಂದೆ. ಅವನು ಬರೆದುಕೊಂಡ. ಮುಂದಿನ ಸಭೆಗೆ ಬರುವಾಗ ನಿಜವಾಗಿಯೂ ಒಂದು ಉಪಾಯ ತಂದಿದ್ದ. ಬಣ್ಣ ಹಾಕಿದ ಚಂದದ ಚಿತ್ರ. ಗೇಟಿನ ಪಕ್ಕದಲ್ಲಿ ಕಲ್ಲಿನ ಕಂಬಗಳ ಒಂದು ಮಂಟಪ, ನಡುವೆ ಬೆಂಕಿಯ ಕುಂಡ, ಸುತ್ತ ಕೂರಲು ಕಟ್ಟೆ. ನಮಗೆಂದೇ. ಎಲ್ಲರೂ ಭೇಷ್ ಎಂದರು. ಅಧಿಕಾರಿ ನನ್ನ ಮುಖ ನೋಡಿದರು. ನನ್ನ ಕಣ್ಣು ತುಂಬಿ ಬಂದಿತ್ತು. ಸರಕಾರದ ಕಟ್ಟಡದಲ್ಲಿ ನಮ್ಮ ಬೆಂಕಿಗೆ ಒಂದು ಕಲ್ಲಿನ ಮನೆ. ಹೂಂ ಎಂದೆ. ಚಿತ್ರದವಳು ಮಾತ್ರ ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಿದ್ದಳು.

ವಾಪಸು ಬರುವಾಗ ಬಸ್ಸು ಭೀಮಾ ನದಿಯ ಸೇತುವೆಯ ಮೇಲೆ ಬಂತು. ನೀರು ಬಿಸಿಲಿಗೆ ತವರದ ಹಾಗೆ ಹೊಳೆಯುತ್ತಿತ್ತು. ಕಿಟಕಿಗೆ ತಲೆ ಆನಿಸಿ ನಾನು ಆ ಮಂಟಪದೊಳಗೆ ಕೂತಿದ್ದೆ. ಕಾಸಿದೆ, ಎದ್ದೆ, ಹಲಗಿ ಹೆಗಲಿಗೆ ಹಾಕಿದೆ, ಮತ್ತೆ ಎದುರಿಗೆ ನೋಡಿದೆ. ಕಾರುಗಳು ಬರುತ್ತಿದ್ದವು. ದೊಡ್ಡವರು ಇಳಿಯುತ್ತಿದ್ದರು. ಅದು ಗೇಟು. ಅದೇ ಗೇಟು. ಅಪ್ಪ ನಿಂತಿದ್ದ ಬಿಸಿಲಿಗೆ ಈಗ ಒಂದು ಮಾಡು ಬಂದಿತ್ತು, ಅಷ್ಟೆ. ಮತ್ತು ಅದಕ್ಕೆ ನಾನೇ ಹೂಂ ಅಂದು ಬಂದಿದ್ದೆ.

ಮನೆಗೆ ಬಂದು ಹೆಂಡತಿಯ ತಮ್ಮನಿಗೆ ಹೇಳಿದೆ. ಅವನು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದ.

"ಬೆಂಕಿ ಕೊಟ್ಟಾರಲ್ಲ ಮಾಂವ. ಇನ್ನೇನು ಸಿಂಹಾಸನ ಕೇಳ್ತಿ?"

ಅವನದೂ ಸುಳ್ಳಲ್ಲ. ತಕರಾರು ಮಾಡಿದರೆ ಮಂಟಪವೂ ಹೋಗಬಹುದು. ಇವರ ಸಹವಾಸವೇ ಬೇಡ ಎಂದು ಮುಂದಿನ ಸಲ ನಮ್ಮಂಥವರನ್ನು ಕರೆಯದೆಯೂ ಇರಬಹುದು. ಅದೂ ಅಲ್ಲದೆ ಕೊಟ್ಟ ಮಾತು ತಿರುಗಿಸುವುದು ನನಗೆ ಗೊತ್ತಿಲ್ಲದ ಕೆಲಸ. ಇಷ್ಟು ದಿನ ಕಲ್ಲು ಕೂಡಿಸುವ ಗೌಂಡಿಗಳ ನಡುವೆ ನನ್ನ ಹೆಸರು ನಿಂತಿದ್ದೇ ಅದರ ಮೇಲೆ.

ಆಗ ನಮ್ಮ ಕೆಲಸ ಸೈದಾಪುರದ ಕಡೆ, ಕಡೇಚೂರಿನ ಕಾರ್ಖಾನೆಗಳಿಗೆ ಬರುವವರಿಗೆಂದು ಕಟ್ಟುತ್ತಿದ್ದ ಖೋಲಿಗಳಲ್ಲಿ ನಡೆದಿತ್ತು. ಮಧ್ಯಾಹ್ನ ರೊಟ್ಟಿ ತಿಂದು ಅದೇ ಬೆಳಿಗ್ಗೆ ಕೂಡಿಸಿದ ಕಲ್ಲಿನ ಮೇಲೆ ಮೈ ಚಾಚಿದೆ. ಹೊಸ ಕಲ್ಲಿನ ತಂಪು ಬೆನ್ನಿನೊಳಗೆ ಇಳಿಯುತ್ತದೆ. ದೂರದಲ್ಲಿ ರೈಲು ಹೋಯಿತು, ಅದರ ಸದ್ದು ನೆಲದೊಳಗೇ ಬಂದು ನನ್ನ ಕಿವಿಗೆ ತಾಗಿತು. ನಿದ್ದೆಯೋ ಎಚ್ಚರವೋ, ನಾನು ಒಂದು ರಂಗಮಂದಿರದ ಮುಂದಿದ್ದೆ. ಅದರ ಗೋಡೆ ಎಲ್ಲ ಚರ್ಮ, ಬಿಗಿದ ಚರ್ಮ, ಒಳಗಿನ ಬೆಳಕು ಅದರಿಂದ ಜೇನುತುಪ್ಪದ ಹಾಗೆ ಹೊರಗೆ ಬರುತ್ತಿತ್ತು. ರಂಗದ ಮೇಲೆ ನಮ್ಮ ಗುಡ್ಡದವನು ಮಲಗಿದ್ದ, ಕೈ ತಲೆಯ ಕೆಳಗೆ ಇಟ್ಟುಕೊಂಡು, ನಾವು ಬರುವುದನ್ನು ಕಾಯುತ್ತಾ. ನಾವು ಎಂಟು ಮಂದಿ ಕಾಸಿದ ಹಲಗಿ ಹಿಡಿದು ಬಾಗಿಲಿಗೆ ಹೋದೆವು. ಹೊಸ್ತಿಲು ಮೊಣಕಾಲೆತ್ತರ ಇತ್ತು. ಕಾಲೆತ್ತಿದೆ, ಅದು ಸೊಂಟದೆತ್ತರ ಬಂತು. ಮತ್ತೆ ಎತ್ತಿದೆ, ಎದೆಯೆತ್ತರ ಬಂತು. ಅಷ್ಟೂ ಹೊತ್ತು ತೋಳಿನಲ್ಲಿದ್ದ ಹಲಗಿ ತಣ್ಣಗಾಗುತ್ತಾ ತಣ್ಣಗಾಗುತ್ತಾ ಕಲ್ಲಾಯಿತು. ಎಚ್ಚರಾದಾಗ ಕೆನ್ನೆಯ ಮೇಲೆ ಫರ್ಸಿಯ ಸಂದಿನ ಗೆರೆ ಮೂಡಿತ್ತು. ಜೊತೆಗಿದ್ದವರು ನೋಡಿ ನಕ್ಕರು. ನಾನು ಮುಖ ತೊಳೆಯಲು ಎದ್ದೆ. ತೊಳೆಯುವಾಗಲೇ ನಿರ್ಧಾರ ಆಗಿತ್ತು.

ಮರುದಿನ ಸುರಪುರದ ಬಸ್ಸು ಹತ್ತಿದೆ. ಚಿತ್ರದವಳ ಮನೆ ಕೋಟೆಯ ಹಾದಿಯ ಒಂದು ಸಂದಿಯಲ್ಲಿ. ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಅಜ್ಜಿಯ ಕಾಲದ ಕಲ್ಲಿನ ಮೇಲೆ ಬಣ್ಣ ಅರೆಯುತ್ತಿದ್ದಳು. ಚಹಾ ಕುಡಿದ ಮೇಲೆ ಹೇಳಿದೆ: ಹೂಂ ಅಂದು ತಪ್ಪು ಮಾಡಿದೆ, ಬೇಕಾದದ್ದು ಗೇಟಲ್ಲ, ರಂಗದ ಮಗ್ಗುಲು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಂಜಿನಿಯರ್ ಕೊಟ್ಟ ನಕ್ಷೆಯ ಒಂದು ಪ್ರತಿ ಅವಳ ಹತ್ತಿರ ಇತ್ತು. ಅದನ್ನು ನನ್ನ ಮುಂದೆ ಬಿಚ್ಚಿದಳು.

"ಕಾಕಾ, ಇದರಾಗ ಮಂದಿ ಎಲ್ಲಿ ಅದಾರ?"

ನೋಡಿದೆ. ಗೋಡೆ ಇತ್ತು, ಮೆಟ್ಟಿಲಿತ್ತು, ಕುರ್ಚಿಯ ಸಾಲಿತ್ತು. ಮಂದಿ ಇರಲಿಲ್ಲ. ಅವಳು ಬೇರೆ ಹಾಳೆ ತೆಗೆದುಕೊಂಡು, ಕೂದಲೆಳೆಯಂಥ ಕುಂಚ ಅದ್ದಿ, ಅದೇ ರಂಗಮಂದಿರವನ್ನು ಬರೆಯತೊಡಗಿದಳು. ಅವರ ಚಿತ್ರಗಳಲ್ಲಿ ಒಂದು ಗಮ್ಮತ್ತಿದೆ. ಅಂಗಳವನ್ನು ಮೇಲಿನಿಂದ ನೋಡಿದ ಹಾಗೆ, ಗೋಡೆಯನ್ನು ಎದುರಿನಿಂದ ನೋಡಿದ ಹಾಗೆ, ಒಳಗೂ ಹೊರಗೂ ಒಟ್ಟಿಗೇ ಕಾಣುತ್ತದೆ. ಕನಸಿನಲ್ಲಿ ಕಂಡ ಹಾಗೆ. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ರಂಗದ ಬಲಮಗ್ಗುಲಿಗೆ ಆಕಾಶ ಕಾಣುವ ಒಂದು ಅಂಗಳ. ಅಂಗಳದ ನಡುವೆ ಬೆಂಕಿ. ಅಂಗಳದಿಂದ ನೇರ ರಂಗಕ್ಕೆ ಒಂದು ಅಗಲದ ಬಾಗಿಲು. ಬಾಗಿಲಲ್ಲಿ ಎಂಟು ಮಂದಿ.

ಒಂದೊಂದೇ ಮುಖ ಮೂಡುತ್ತಿತ್ತು. ನೋಡುತ್ತಾ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ನಾನು ಸುಮ್ಮನೆ ಅಂದೆ, ನಮ್ಮನ್ನು ಇಷ್ಟು ದೊಡ್ಡದಾಗಿ ಬರೆಯುತ್ತೀಯಲ್ಲ ತಂಗಿ ಅಂತ. ಕುಂಚ ನಿಲ್ಲಿಸದೆ ಹೇಳಿದಳು, ಹಳೆಯ ಚಿತ್ರಗಳಲ್ಲಿ ಅರಸ ಆಳೆತ್ತರ ಇರುತ್ತಿದ್ದ, ವಾದ್ಯದವರು ಅಂಚಿನಲ್ಲಿ ಇರುವೆಯಷ್ಟು ಇರುತ್ತಿದ್ದರು, ಆ ಇರುವೆಗಳ ಬಣ್ಣವನ್ನೂ ನಮ್ಮಜ್ಜಿಯೇ ಅರೆದಿರುತ್ತಿದ್ದಳು ಎಂದು.

"ಗೆರಿ ಅವರದ ಕಲ್ತೀನಿ ಕಾಕಾ. ಅಳತಿ ನಂದು."

ಮೂರನೆಯ ಸಭೆಯ ದಿನ ಶ್ರಾವಣದ ಜಿಟಿಜಿಟಿ ಮಳೆ. ನಾನು ಅಪ್ಪನ ಹಲಗಿಯನ್ನೂ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಣ ತೊಗರಿ ಕಟ್ಟಿಗೆಯನ್ನೂ ತೆಗೆದುಕೊಂಡು ಹೋದೆ. ಹೆಂಡತಿಯ ತಮ್ಮ ಬೈಯುತ್ತಲೇ ಜೊತೆಗೆ ಬಂದ. ಅದೇ ಹಳೆಯ ಸಭಾಂಗಣದಲ್ಲಿ ಎಲ್ಲರೂ ಕೂತ ಮೇಲೆ ಎದ್ದು ನಿಂತೆ.

"ಹೋದ ಸಲ ಹೂಂ ಅಂದವ ನಾನ. ತಪ್ಪು ನಂದು ಐತ್ರಿ. ಸಾಹೇಬ್ರದಲ್ಲ, ಇಂಜಿನಿಯರ್ ಸರ್‌ದೂ ಅಲ್ಲ. ಆದ್ರ ಒಂದ್ ಸಲ ಎಲ್ಲಾರೂ ಗೇಟಿಗೆ ಬರ್ರಿ."

ಸಾಲಾಗಿ ಛತ್ರಿ ಹಿಡಿದು ಬಂದರು. ಗೇಟಿನ ಪಕ್ಕದ ತಗಡಿನ ಮಾಡಿನ ಕೆಳಗೆ ಉರಿ ಮಾಡಿ ಹಲಗಿ ಕಾಸಿದೆ. ಒಂದು ಏಟು ಹಾಕಿದೆ. ಬೇವಿನ ಗಿಡದ ಕಾಗೆಗಳು ಎದ್ದವು. ಇಂಜಿನಿಯರ್ ಒಂದು ಹೆಜ್ಜೆ ಹಿಂದೆ ಸರಿದ. ಈಗ ನಡೆಯಿರಿ ಎಂದೆ. ಗೇಟಿನಿಂದ ಕಾರು ನಿಲ್ಲುವ ಜಾಗ ದಾಟಿ, ಮೆಟ್ಟಿಲು ಹತ್ತಿ, ಚೀಲ ತಪಾಸಣೆ ಮಾಡುವಲ್ಲಿ ನಿಂತು, ಉದ್ದನೆಯ ಪಡಸಾಲೆಯಲ್ಲಿ ಹಾದು, ಬಣ್ಣದ ಕೋಣೆ ಸುತ್ತಿ, ರಂಗದ ಮೇಲೆ ಬಂದೆವು. ನಾನು ಬೇಕಂತ ನಿಧಾನ ಮಾಡಲಿಲ್ಲ. ಎಲ್ಲರೂ ಖಾಲಿ ಕುರ್ಚಿಗಳಲ್ಲಿ ಕೂತರು. ಅದೇ ಕೈ, ಅದೇ ಏಟು ಹಾಕಿದೆ.

ಒದ್ದೆ ಅರಿವೆ.

ಮಳೆಯ ಸದ್ದು ಮಾತ್ರ. ಚಿತ್ರದವಳು ಎದ್ದು ತನ್ನ ಚಿತ್ರವನ್ನು ಇಂಜಿನಿಯರ್‌ನ ತೊಡೆಯ ಮೇಲೆ ಇಟ್ಟಳು. ಅವನು ಅದನ್ನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ಕೂತಿದ್ದ. ಎರಡು ಸದ್ದನ್ನೂ ಒಳಗೇ ತೂಗಿ ನೋಡುತ್ತಿದ್ದ ಅನ್ನಿಸುತ್ತದೆ. ಆಮೇಲೆ ಕಣ್ಣು ಬಿಟ್ಟು ಚಿತ್ರವನ್ನು ಬಹಳ ಹೊತ್ತು ನೋಡಿದ. ಅವನು ಕೇಳಿದ್ದು ಒಂದೇ.

"ಒಂದೇ ಸಾಲಿನಲ್ಲಿ ಎಷ್ಟು ಜನ ಬರ್ತೀರಿ ಸರ್?"

ಎಂಟು ಎಂದೆ. ಎರಡೂ ತೋಳು ಚಾಚಿ ಹಲಗಿ ಹಿಡಿಯುವ ಅಗಲ ತೋರಿಸಿದೆ. ಅವನು ಎದ್ದು ಬಂದು ಟೇಪಿನಿಂದ ನನ್ನ ಮೊಣಕೈಯಿಂದ ಮೊಣಕೈಗೆ ಅಳೆದ. ಹೆಂಡತಿಯ ತಮ್ಮ ಹಿಂದಿನಿಂದ, ಅಂಗಿ ಹೊಲಿಸಾಕ ಅಳತಿ ತಗೊಂಡಂಗ ಐತಿ ಎಂದು ಗೊಣಗಿದ. ಅಧಿಕಾರಿ ನಕ್ಕರು. ಆಗ ನನಗೆ ಉಸಿರು ಬಂತು.

ಅಷ್ಟಕ್ಕೇ ಎಲ್ಲ ಆಗಲಿಲ್ಲ. ಅಂಗಳಕ್ಕೆ ಜಾಗ ಹೊಂದಿಸಲು ಒಂದು ಉಗ್ರಾಣ ಕಡಿಮೆ ಮಾಡಬೇಕಾಯಿತು. ಮರಳಿನ ಬಕೆಟು, ಗಾಳಿಯ ದಿಕ್ಕು, ಉರಿಯ ಎತ್ತರ ಎಂದು ಮತ್ತೆ ಎಷ್ಟೋ ಸಭೆ. ಒಮ್ಮೊಮ್ಮೆ ಎಲ್ಲವೂ ಕೈತಪ್ಪಿತು ಅನ್ನಿಸಿದ್ದುಂಟು. ಆದರೆ ಸಭೆ ಇದ್ದಾಗಲೆಲ್ಲ ಆ ಚಿತ್ರ ಮೇಜಿನ ಮೇಲೆ ಇರುತ್ತಿತ್ತು. ಎಂಟು ಮಂದಿ ಒಳಗಿದ್ದರು. ಅವರನ್ನು ಹೊರಗೆ ಹಾಕುವುದು ಯಾರಿಗೂ ಆಗಲಿಲ್ಲ.

ಕಟ್ಟಡ ಈಗ ಏಳುತ್ತಿದೆ. ಮಾಡು ಇನ್ನೂ ಪೂರ್ತಿಯಾಗಿಲ್ಲ. ಆ ಅಂಗಳಕ್ಕೆ ಕಲ್ಲು ಕೂಡಿಸುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಹೋದ ತಿಂಗಳು ಮುಗಿಸಿದೆ. ಬಾಗಿಲಿಗೆ ಬಂದಾಗ ಜೊತೆಯ ಗೌಂಡಿ ರೂಢಿಯಂತೆ ಹೊಸ್ತಿಲಿನ ಕಲ್ಲು ಎತ್ತಿಕೊಂಡು ಬಂದ. ಬೇಡ ಎಂದೆ. ಮಳೆ ನೀರು ರಂಗಕ್ಕೆ ನುಗ್ಗುತ್ತದಲ್ಲ ಎಂದು ಇಂಜಿನಿಯರ್ ಕೇಳಿದ. ಅದು ನನಗೂ ಗೊತ್ತಿತ್ತು. ಅಂಗಳವನ್ನು ಬಾಗಿಲಿನಿಂದ ಆಚೆ ಕಡೆಗೆ ಇಳಿಜಾರು ಮಾಡಿ, ಬಾಗಿಲಿನ ಉದ್ದಕ್ಕೂ ಬೆರಳಗಲದ ಕಾಲುವೆ ಕೊರೆದು, ಅದರ ಮೇಲೆ ಸಂದು ಬಿಟ್ಟು ಕಲ್ಲು ಮುಚ್ಚಿದೆ. ನಾಲ್ಕು ದಿನ ಅದೊಂದಕ್ಕೇ ಹೋಯಿತು. ಅಂಗಳದ ಕೊನೆಯ ಕಲ್ಲು, ರಂಗದ ಮೊದಲ ಕಲ್ಲು ಎರಡರ ಮೇಲೂ ರಸಮಟ್ಟ ಇಟ್ಟು ನೋಡಿದೆ. ಅದರ ಗಾಜಿನೊಳಗಿನ ಗುಳ್ಳೆ ನಡುವೆ ಬಂದು ನಿಂತಿತು. ಬರಿಗಾಲಿನಿಂದ ನಡೆದು ನೋಡಿದೆ, ಕಣ್ಣು ಮುಚ್ಚಿ. ಎಲ್ಲಿ ಹೊರಗು ಮುಗಿದು ಒಳಗು ಶುರುವಾಯಿತು ಎಂದು ಅಂಗಾಲಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನ ಹಲಗಿ ತಂದೆ. ಹೊಸ ಕಲ್ಲಿನ ಕುಂಡದಲ್ಲಿ ಮೊದಲ ಉರಿ. ಹೊಗೆ ನೇರ ಮೇಲೆ ಹೋಗಿ ಯಾದಗಿರಿಯ ಆಕಾಶದಲ್ಲಿ ಕರಗಿತು. ಹೆಂಡತಿಯ ತಮ್ಮ ತನ್ನದನ್ನೂ ಕಾಸಿಕೊಂಡ, ಒಂದು ಕುಚೋದ್ಯವೂ ಇಲ್ಲದೆ. ಎದ್ದೆವು. ಅಂಗಳದಿಂದ ರಂಗದ ನಡುವಿಗೆ ಹನ್ನೊಂದು ಹೆಜ್ಜೆ. ತೋಳಿಗೆ ತಾಗಿದ ಚರ್ಮ ಇನ್ನೂ ಬೆಚ್ಚಗಿತ್ತು, ಈಗಷ್ಟೇ ಎದ್ದ ಮಗುವಿನ ಮೈಯಂತೆ. ಇನ್ನೂ ಮಾಡು ಮುಚ್ಚದ ರಂಗಮಂದಿರ, ಕುರ್ಚಿಯಿಲ್ಲದ ನೆಲ, ಎದುರಿಗೆ ಮರಳಿನ ಗುಡ್ಡೆಯ ಮೇಲೆ ಕೂತ ಸುರಪುರದ ತಂಗಿ ಮತ್ತು ಆ ಮೈಸೂರಿನ ಹುಡುಗ.

ಏಟು ಹಾಕಿದೆ. ಸದ್ದು ಬರಿಯ ಗೋಡೆಗಳನ್ನು ಮುಟ್ಟಿ, ಸ್ವಲ್ಪ ತಡೆದು, ನಮ್ಮ ಕಡೆಗೇ ತಿರುಗಿ ಬಂತು. ಗುಡ್ಡದಿಂದ ಬಂದ ಹಾಗೆ.